ಪೀಕ್, ಪೋಕ್: ಓದುವ ಹಕ್ಕು, ಬರೆಯುವ ಹಕ್ಕು

ಎಂಬತ್ತರ ದಶಕದ ಕಂಪ್ಯೂಟರ್ ಕೈಪಿಡಿಗಳಲ್ಲಿ ಪೀಕ್ ಮತ್ತು ಪೋಕ್ ಎಂಬ ಜೋಡಿ ಕಮಾಂಡುಗಳಿಗೆ ಜಾಗ ಸಿಗುತ್ತಿದ್ದುದು ಬಹುಮಟ್ಟಿಗೆ ಕೊನೆಯ ಪುಟಗಳಲ್ಲಿ, ಅದೂ ಎಚ್ಚರಿಕೆಯ ಮಾತಿನೊಂದಿಗೆ. ಪೀಕ್‌ಗೆ ಒಂದು ವಿಳಾಸ ಕೊಟ್ಟರೆ ಮೆಮೊರಿಯ ಆ ಖಾನೆಯಲ್ಲಿರುವ ಸಂಖ್ಯೆಯನ್ನು ಓದಿ ಹೇಳುತ್ತದೆ. ಪೋಕ್‌ಗೆ ವಿಳಾಸದ ಜೊತೆ 0ಯಿಂದ 255ರೊಳಗಿನ ಒಂದು ಸಂಖ್ಯೆ ಕೊಟ್ಟರೆ ಅಲ್ಲಿ ಹಳೆಯದನ್ನು ಅಳಿಸಿ ಅದನ್ನು ಬರೆಯುತ್ತದೆ. ಕೆಲಸ ಇಷ್ಟೇ. ಬೇಸಿಕ್ ಭಾಷೆಯ ಬಡತನ ಮುಚ್ಚಲು ಹಾಕಿದ ತೇಪೆ ಇದು, ಭಾಷೆಗಳು ಬೆಳೆದಂತೆ ತಾನಾಗಿ ಉದುರಿಹೋಯಿತು ಎಂಬುದು ರೂಢಿಯ ತೀರ್ಪು. ಅದನ್ನು ಪೂರ್ತಿ ಒಪ್ಪಲಾಗದು. ಐವತ್ತು ವರ್ಷಗಳ ದಾಖಲೆ ಹರಡಿಕೊಂಡು ನೋಡಿದರೆ ಈ ಕಮಾಂಡುಗಳು ಸತ್ತಿಲ್ಲ. ಒಟ್ಟಿಗೆ ಹುಟ್ಟಿದ ಎರಡೂ ಬೇರೆ ಬೇರೆ ಕೈಗಳಿಗೆ ಪಾಲಾಗಿ ಹೋಗಿವೆ. ಓದುವ ಹಕ್ಕು ಒಬ್ಬರಿಗೆ, ಬರೆಯುವ ಹಕ್ಕು ಇನ್ನೊಬ್ಬರಿಗೆ. ಕ್ಷೇತ್ರದ ಬೆಳವಣಿಗೆ ಎಂದು ನಾವು ಕರೆಯುವುದು ಹೆಚ್ಚಾಗಿ ಈ ಪಾಲಿನ ಕಥೆಯನ್ನೇ.

ಡಾರ್ಟ್‌ಮತ್ ಕಾಲೇಜಿನಲ್ಲಿ 1964ರಲ್ಲಿ ಬೇಸಿಕ್ ಹುಟ್ಟಿದಾಗ ಅದರಲ್ಲಿ ಇವೆರಡೂ ಇರಲಿಲ್ಲ. ಒಂದೇ ಯಂತ್ರವನ್ನು ಹತ್ತಾರು ವಿದ್ಯಾರ್ಥಿಗಳು ಹಂಚಿಕೊಳ್ಳುತ್ತಿದ್ದ ವ್ಯವಸ್ಥೆಯಲ್ಲಿ ಒಬ್ಬನಿಗೆ ಮೆಮೊರಿಗೆ ಕೈ ಹಾಕಲು ಬಿಟ್ಟರೆ ಉಳಿದವರ ಕೆಲಸ ಕೆಡುತ್ತದೆ. ಯಂತ್ರ ಒಬ್ಬನದೇ ಆದಾಗ ಆ ಕಾರಣ ಬಿದ್ದುಹೋಯಿತು. ಆಲ್ಟೇರ್ 8800ಕ್ಕಾಗಿ ಮೈಕ್ರೋಸಾಫ್ಟ್ 1975ರಲ್ಲಿ ತಂದ ಬೇಸಿಕ್‌ನ 8ಕೆ ಆವೃತ್ತಿಯಲ್ಲಿ ಪೀಕ್, ಪೋಕ್ ಎರಡೂ ಬಂದವು. 1977ರಲ್ಲಿ ಬಂದ ಆಪಲ್ 2, ಕಮೊಡೋರ್ ಪೆಟ್ ಎರಡರಲ್ಲೂ ಅವಿದ್ದವು. ಆಪಲ್ ಮತ್ತು ಕಮೊಡೋರ್ ಬಳಸಿದ 6502 ಚಿಪ್‌ಗೆ ಹೊರಗಿನ ಸಾಧನಗಳ ಜೊತೆ ಮಾತಾಡಲು ಪ್ರತ್ಯೇಕ ಸೂಚನೆಗಳೇ ಇರಲಿಲ್ಲ. ಪರದೆ, ಕೀಲಿಮಣೆ, ಸ್ಪೀಕರ್, ಟೇಪು ಎಲ್ಲವೂ 65,536 ವಿಳಾಸಗಳ ಒಳಗೇ ಎಲ್ಲೋ ಕೂತಿರಬೇಕಿತ್ತು. ಹಳ್ಳಿಯ ಸರ್ವೆ ನಕಾಶೆಯಲ್ಲಿ ಹೊಲ, ಗೋಮಾಳ, ಕೆರೆ, ದಾರಿ ಎಲ್ಲಕ್ಕೂ ಒಂದೊಂದು ನಂಬರು ಇರುವಂತೆ ಯಂತ್ರದ ಮೆಮೊರಿ ನಕಾಶೆಯಲ್ಲಿ ಎಲ್ಲಕ್ಕೂ ನಂಬರು ಇತ್ತು. 1982ರ ಕಮೊಡೋರ್ 64ರಲ್ಲಿ 53280ಕ್ಕೆ 0 ಬರೆದರೆ ಪರದೆಯ ಅಂಚು ಕಪ್ಪಾಗುತ್ತಿತ್ತು. ಆಪಲ್ 2ರಲ್ಲಿ 49200ನೇ ವಿಳಾಸವನ್ನು ಬರೀ ಓದಿದರೂ ಸಾಕು, ಸ್ಪೀಕರ್ ಟಿಕ್ ಎನ್ನುತ್ತಿತ್ತು. ಓದುವುದು ನಿರಪಾಯ, ಬರೆಯುವುದು ಅಪಾಯ ಎಂಬ ಗೆರೆ ಯಂತ್ರದ ಮಟ್ಟದಲ್ಲಿ ಅಷ್ಟು ಸ್ವಚ್ಛವಾಗಿಲ್ಲ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ನಮ್ಮ ದೇಶದ ಶಾಲೆಗಳಿಗೆ ಈ ಲೋಕ ಬಂದದ್ದು ಸರಕಾರದ ಮೂಲಕ. 1984-85ರಲ್ಲಿ ಶುರುವಾದ ಕ್ಲಾಸ್ ಯೋಜನೆಯಡಿ ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಯಂತ್ರಗಳು ರಾಜ್ಯ ಸರಕಾರಗಳ ಮೂಲಕ ಪ್ರೌಢಶಾಲೆಗಳಿಗೆ ಹಂಚಿಕೆಯಾದವು: ಸುಮಾರು 12,000 ಯಂತ್ರಗಳು, 2,598 ಶಾಲೆಗಳು. ಅದೇ ಯಂತ್ರವನ್ನು ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಯೂನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲಿಯೂ ತಯಾರಿಸಿತು. ಸ್ವಾರಸ್ಯವೆಂದರೆ ಬಿಬಿಸಿ ಬೇಸಿಕ್‌ನಲ್ಲಿ ಪೀಕ್ ಎಂಬ ಪದವೂ ಇಲ್ಲ, ಪೋಕ್ ಎಂಬ ಪದವೂ ಇಲ್ಲ. ಎರಡರ ಬದಲು ಒಂದೇ ಪ್ರಶ್ನಾರ್ಥಕ ಚಿಹ್ನೆ. ಸಮಚಿಹ್ನೆಯ ಎಡಕ್ಕೆ ಬಂದರೆ ಬರೆಯುತ್ತದೆ, ಬಲಕ್ಕೆ ಬಂದರೆ ಓದುತ್ತದೆ. ಯಂತ್ರ ಚಾಲೂ ಮಾಡಿದೊಡನೆ ?31744=65 ಎಂದು ಹೊಡೆದರೆ ಪರದೆಯ ಎಡ ಮೇಲ್ಮೂಲೆಯಲ್ಲಿ ಇಂಗ್ಲಿಷಿನ ‘ಎ’ ಅಕ್ಷರ ಮೂಡುತ್ತಿತ್ತು. ಓದು-ಬರಹ ಎರಡಕ್ಕೂ ಒಂದೇ ಚಿಹ್ನೆ ಇಟ್ಟ ಆ ವಿನ್ಯಾಸದಲ್ಲಿ ಇಬ್ಬಗೆಯ ಹಕ್ಕು ಎಂಬ ಕಲ್ಪನೆಯೇ ಇರಲಿಲ್ಲ.

ಆದರೆ ಮೂಡಿದ ಆ ಅಕ್ಷರದ ಆಕಾರ ಎಲ್ಲಿಂದ ಬಂತು? ಕನ್ನಡದ ಓದುಗನಿಗೆ ವಿಷಯ ಗಟ್ಟಿಯಾಗುವುದು ಈ ಪ್ರಶ್ನೆಯಿಂದ. ಚಾಲೂ ಆದಾಗ ಇರುವ ಏಳನೇ ಮೋಡ್‌ನಲ್ಲಿ ಪರದೆಯ ಮೆಮೊರಿಗೆ ಹೋಗುವುದು ಅಕ್ಷರದ ಸಂಕೇತ ಮಾತ್ರ. ಆಕಾರ ಎಸ್‌ಎಎ5050 ಎಂಬ ಚಿಪ್‌ನೊಳಗೆ ಅಚ್ಚಾಗಿ ಕೂತಿತ್ತು. ಅಲ್ಲಿ ಯಾವ ಪೋಕ್ ಕೂಡ ಕನ್ನಡ ಬರೆಯಲಾರದು. ಗ್ರಾಫಿಕ್ಸ್ ಮೋಡ್‌ಗಳಿಗೆ ಹೋದರೆ ದಾರಿ ತೆರೆಯುತ್ತಿತ್ತು. ವಿಡಿಯು 23,224,0,60,66,66,66,66,60,0 ಎಂಬ ಒಂದು ಸಾಲು ಎಂಟು ಅಡ್ಡಗೆರೆಗಳ ಚುಕ್ಕಿ ವಿನ್ಯಾಸ ಹೇಳುತ್ತದೆ. 60 ಎಂದರೆ ನಡುವಿನ ನಾಲ್ಕು ಚುಕ್ಕಿ, 66 ಎಂದರೆ ಎರಡು ಬದಿಗೆ ಒಂದೊಂದು. ಮೇಲೆ ಮುಚ್ಚಿ, ಪಕ್ಕ ಬಿಟ್ಟು, ಕೆಳಗೆ ಮುಚ್ಚಿದರೆ ಸಿಗುವುದು ಕನ್ನಡದ ಸೊನ್ನೆ, ಅದೇ ಅನುಸ್ವಾರ. ಈ ಎಂಟು ಸಂಖ್ಯೆಗಳು 3072ನೇ ವಿಳಾಸದಿಂದ ಸಾಲಾಗಿ ಕೂರುತ್ತವೆ. ?3073=126 ಎಂದು ಬದಲಿಸಿ ಮತ್ತೆ ಅಚ್ಚಿಸಿದರೆ ಸೊನ್ನೆಯ ನೆತ್ತಿ ಅಗಲವಾಗುತ್ತದೆ. ಹೀಗೆ ಬಳಕೆದಾರನಿಗೆ ಬಿಟ್ಟುಕೊಟ್ಟಿದ್ದು 32 ಆಕಾರ, ಅಂದರೆ 256 ಬೈಟ್. ಬೆಲೆ ಮಾತ್ರ ದುಬಾರಿ. 32ಕೆ ಮೆಮೊರಿಯ ಯಂತ್ರದಲ್ಲಿ ಸೊನ್ನೆಯ ಮೋಡ್‌ನ ಪರದೆಯೊಂದೇ 20ಕೆ ನುಂಗುತ್ತಿತ್ತು. ಡಿಸ್ಕ್ ಡ್ರೈವ್ ಜೋಡಿಸಿದ್ದರೆ ಪ್ರೋಗ್ರಾಮಿಗೆ ಉಳಿಯುತ್ತಿದ್ದುದು 5,888 ಬೈಟ್.

ಪುಣೆಯ ಡೆಸಿಬೆಲ್ಸ್ ಕಂಪನಿ ಭಾರತದಲ್ಲಿ ಮಾರಿದ ಸಿಂಕ್ಲೇರ್ ಸ್ಪೆಕ್ಟ್ರಮ್ ಮಾದರಿಯ ಯಂತ್ರ ಇದೇ ಪ್ರಶ್ನೆಗೆ ಇನ್ನೂ ಚೊಕ್ಕ ಉತ್ತರ ಕೊಡುತ್ತದೆ. ತಯಾರಕರು ಅಧಿಕೃತವಾಗಿ ಕೊಟ್ಟದ್ದು 21 ಆಕಾರಗಳ ಜಾಗ. ಆದರೆ 23606 ಮತ್ತು 23607ನೇ ಖಾನೆಗಳಲ್ಲಿ ಅಕ್ಷರಮಾಲೆ ಎಲ್ಲಿದೆ ಎಂಬ ವಿಳಾಸವೇ ಬರೆದಿಟ್ಟಿತ್ತು. ಎರಡು ಪೋಕ್‌ಗಳಿಂದ ಆ ವಿಳಾಸ ತಿರುಗಿಸಿದರೆ 96 ಅಕ್ಷರಗಳ ಇಡೀ ಮಾಲೆಯ ಬದಲು 768 ಬೈಟ್‌ಗಳ ಸ್ವಂತ ಮಾಲೆ ಕೂರಿಸಬಹುದಿತ್ತು. ಲೆಕ್ಕ ಹಾಕಿ ನೋಡಿ: ಕನ್ನಡದ 49 ವರ್ಣಗಳು, 34 ಒತ್ತಕ್ಷರಗಳು, ಹನ್ನೆರಡು ಸ್ವರಚಿಹ್ನೆಗಳು ಸೇರಿದರೆ 95. ಲೆಕ್ಕಕ್ಕೆ ಹೊಂದುತ್ತದೆ. ಆಕಾರಕ್ಕೆ ಹೊಂದುವುದಿಲ್ಲ, ಯಾಕೆಂದರೆ ಗುಣಿತದಲ್ಲಿ ತಲೆಕಟ್ಟು ಬದಲಾಗುತ್ತದೆ, ಒತ್ತು ಕೆಳಗಿನ ಸಾಲಿಗೆ ಇಳಿಯುತ್ತದೆ, ಎಂಟು ಚುಕ್ಕಿಯ ಚೌಕದಲ್ಲಿ ‘ಘ’ ಮತ್ತು ‘ಫ’ ಉಸಿರುಗಟ್ಟುತ್ತವೆ. ಆದರೂ ಗಮನಿಸಬೇಕಾದದ್ದು ಬೇರೆ. ಕನ್ನಡವನ್ನು ಕನಸಿನಲ್ಲೂ ನೆನೆಯದ ಕಂಪನಿಯ ಯಂತ್ರದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಕನ್ನಡ ಅಕ್ಷರ ಮೂಡಿಸಲು ಸಾಧ್ಯವಿತ್ತು. ತಯಾರಕರ ಔದಾರ್ಯ 21ಕ್ಕೆ ನಿಂತಿತ್ತು, ಪೋಕ್ 96ಕ್ಕೆ ಹೋಯಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಎತ್ತಿದವರಲ್ಲಿ ಏಕಾರ್ನ್ ಕಂಪನಿಯೇ ಇತ್ತು. ಒಂದು ಯಂತ್ರದ ವಿಳಾಸ ಇನ್ನೊಂದರಲ್ಲಿ ನಡೆಯುವುದಿಲ್ಲ. ಅಷ್ಟೇಕೆ, ಬಿಬಿಸಿ ಮೈಕ್ರೋಗೆ ಟ್ಯೂಬ್ ಎಂಬ ಸಂಪರ್ಕದ ಮೂಲಕ ಎರಡನೇ ಪ್ರೊಸೆಸರ್ ಜೋಡಿಸಿದರೆ ?31744=65 ಪರದೆಯನ್ನು ಮುಟ್ಟುವುದೇ ಇಲ್ಲ; ಸಂಖ್ಯೆ ಬೇರೆಯದೇ ಮೆಮೊರಿಗೆ ಹೋಗಿ ಬೀಳುತ್ತದೆ. ಅದಕ್ಕೇ ನೇರವಾಗಿ ಬರೆಯಬೇಡಿ, ಕಾರ್ಯವ್ಯವಸ್ಥೆಯ ಕರೆಗಳ ಮೂಲಕ ಹೋಗಿ ಎಂದು ಕಂಪನಿ ಹೇಳಿತು. ಮಾತು ನ್ಯಾಯವಾದದ್ದು. ಆದರೆ ಆ ಕರೆಗಳು ಮಾಡಿಕೊಡುವುದು ತಯಾರಕರು ಮೊದಲೇ ಊಹಿಸಿದ ಕೆಲಸಗಳನ್ನು ಮಾತ್ರ. ಊಹಿಸದ ಕೆಲಸಕ್ಕೆ, ಕನ್ನಡದ ಒತ್ತಕ್ಷರದಂಥ ಕೆಲಸಕ್ಕೆ, ಕರೆ ಎಲ್ಲಿಂದ ಬರಬೇಕು? ಎಲ್ಲ ಯಂತ್ರಗಳಿಗೂ ಹೊಂದುವ ಪ್ರೋಗ್ರಾಮು ಬೇಕೆನ್ನುವುದು ಸರಿ. ಅದರ ಖರ್ಚು ಮೊದಲು ಬೀಳುವುದು ಪಟ್ಟಿಯಲ್ಲಿ ಇಲ್ಲದ ಭಾಷೆಗಳ ಮೇಲೆ.

ಕನ್ನಡದ ಮುಂದಿನ ದಾರಿ ಇದನ್ನೇ ತೋರಿಸುತ್ತದೆ. ಐಬಿಎಂ ಪಿಸಿ ಕಾಲದಲ್ಲಿ ಡಾಸ್ ತಂತ್ರಾಂಶಗಳು ಅಕ್ಷರ ಸಂಕೇತಗಳನ್ನು ಬಿ800 ಎಂಬ ಪರದೆ ಮೆಮೊರಿಗೆ ಸುರಿಯುತ್ತಿದ್ದವು, ಆಕಾರ ಮತ್ತೆ ಚಿಪ್‌ನೊಳಗೆ. ಕಾನ್ಪುರದ ಐಐಟಿಯಲ್ಲಿ ಬೇರೂರಿ ಪುಣೆಯ ಸಿಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡು ಆ ಸಂಕೇತಗಳನ್ನು ತಾನೇ ಹಿಡಿದು ಭಾರತೀಯ ಲಿಪಿಯಾಗಿ ತೋರಿಸಿತು. 1991ರಲ್ಲಿ ಇಸ್ಕಿ ಸಂಕೇತ ಮಾನಕವಾಯಿತು. ಆಮೇಲೆ ವಿಂಡೋಸ್ ಫಾಂಟುಗಳು, 1998ರಲ್ಲಿ ಬರಹ ತಂತ್ರಾಂಶ, ಅನಂತರ ನುಡಿ. ಯಂತ್ರದ ಮೂಲ ವ್ಯವಸ್ಥೆಯೇ ಕನ್ನಡ ಬಲ್ಲದ್ದಾಗಿ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನೊಂದಿಗೆ. ಫಲ ಉತ್ತಮ, ಯೂನಿಕೋಡ್ ಇಲ್ಲದ ಕನ್ನಡವನ್ನು ಇಂದು ಯಾರೂ ಬಯಸಲಾರರು. ಆದರೆ ಅಕ್ಷರದ ಆಕಾರ ತಿದ್ದುವ ಹಕ್ಕು ಈ ದಾರಿಯಲ್ಲಿ ಬಳಕೆದಾರನಿಂದ ಫಾಂಟ್ ತಜ್ಞನಿಗೆ, ಅಲ್ಲಿಂದ ಕಂಪನಿಗೆ ಸಾಗಿಬಿಟ್ಟಿತು.

ಎರಡನೇ ಆಕ್ಷೇಪ ಸುರಕ್ಷತೆಯದು, ಇದು ಇನ್ನೂ ಗಂಭೀರ. ಹಳೆಯ ಪೆಟ್ ಯಂತ್ರಗಳಲ್ಲಿ 59458ಕ್ಕೆ 62 ಬರೆದರೆ ಪರದೆಯ ಕೆಲಸ ಚುರುಕಾಗುತ್ತಿತ್ತು. ಮುಂದಿನ ಪೆಟ್‌ಗಳಲ್ಲಿ ಅದೇ ಸಾಲು ಪರದೆಯನ್ನೇ ಕೆಡಿಸಬಲ್ಲದು ಎಂಬ ಕುಖ್ಯಾತಿ ಗಳಿಸಿತು. 1988ರಲ್ಲಿ ಕಂಪ್ಯೂಟರ್ ಜಾಲದಲ್ಲಿ ಹರಡಿದ ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ ಒಂದು, 512 ಬೈಟ್‌ಗಳ ಜಾಗಕ್ಕೆ ಅದಕ್ಕಿಂತ ಉದ್ದದ ಮಾಹಿತಿ ತುಂಬಿ ಪಕ್ಕದ ಮೆಮೊರಿಯ ಮೇಲೆ ಬರೆದದ್ದು. ಅಂದರೆ ಅಪ್ಪಣೆಯಿಲ್ಲದ ಪೋಕ್. ಇಂಟೆಲ್ 80286, 80386 ಚಿಪ್‌ಗಳ ರಕ್ಷಿತ ಮೋಡ್ ಒಂದು ಪ್ರೋಗ್ರಾಮು ಇನ್ನೊಂದರ ಮೆಮೊರಿಗೆ ಬರೆಯುವ ಬಾಗಿಲಿಗೆ ಬೀಗ ಹಾಕಿತು, ವಿಂಡೋಸ್ ಎನ್‌ಟಿ ಮತ್ತು ಲಿನಕ್ಸ್ ಆ ಬೀಗದ ಮೇಲೇ ನಿಂತವು. ಬ್ಯಾಂಕಿನ ಲೆಕ್ಕ, ಆಧಾರ್ ವಿವರ ಇರುವ ಫೋನಿನಲ್ಲಿ ಪೋಕ್ ಇರಬೇಕೆಂದು ವಾದಿಸುವವನಿಗೆ ಬುದ್ಧಿ ನೆಟ್ಟಗಿಲ್ಲ. ಪ್ರಶ್ನೆ ಬೀಗ ಬೇಕೇ ಬೇಡವೇ ಎಂಬುದಲ್ಲ. ಕಲಿಯುವ ಯಂತ್ರಕ್ಕೂ ದುಡಿಯುವ ಯಂತ್ರಕ್ಕೂ ಒಂದೇ ಬೀಗ ಯಾಕೆ ಎಂಬುದು.

ಕಲಿಯುವ ಯಂತ್ರ ಎಂದಾಗ ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ಪ್ರಯೋಗಾಲಯಗಳ 8085 ಕಿಟ್ ನೆನಪಾಗಬೇಕು. ಇಂಟೆಲ್ 1976ರಲ್ಲಿ ಬಿಟ್ಟ ಆ ಚಿಪ್ ಮಾರುಕಟ್ಟೆಯಿಂದ ಹೋದ ಎಷ್ಟೋ ವರ್ಷಗಳ ಮೇಲೂ ಭಾರತದ ಪಠ್ಯಕ್ರಮದಲ್ಲಿ ಉಳಿಯಿತು. ಇದನ್ನು ಹಿಂದುಳಿದಿರುವಿಕೆ ಎಂದು ಹಳಿಯುವವರಿದ್ದಾರೆ. ಕಿಟ್ ಮುಂದೆ ಕೂತವನಿಗೆ ಆಗುವ ಅನುಭವ ಬೇರೆ. ಆರು ಅಂಕಿಗಳ ಕೆಂಪು ಪರದೆ: ನಾಲ್ಕು ವಿಳಾಸಕ್ಕೆ, ಎರಡು ಒಳಗಿನ ಸಂಖ್ಯೆಗೆ. ಮೆಮೊರಿ ಕೀಲಿ ಒತ್ತಿ 2000 ಕೊಟ್ಟು, ಒಂದೊಂದೇ ಬೈಟ್ ಹೊಡೆದು ‘ನೆಕ್ಸ್ಟ್’ ಒತ್ತುತ್ತ ಹೋಗಬೇಕು: 3ಇ, 05, 06, 03, 80, 32, 50, 20, 76. ಐದು ಮತ್ತು ಮೂರನ್ನು ಕೂಡಿಸಿ ಉತ್ತರವನ್ನು 2050ರಲ್ಲಿಡು ಎಂಬ ಒಂಬತ್ತು ಬೈಟ್‌ಗಳ ಪ್ರೋಗ್ರಾಮು ಇದು. ವಿಳಾಸ 2050 ಆದರೂ ಬರೆಯುವುದು 50, ಆಮೇಲೆ 20. ಹೊಸಬರು ಎಡವುವುದು ಇಲ್ಲೇ. ಓಡಿಸಿ, ರೀಸೆಟ್ ಮಾಡಿ, 2050 ತೆರೆದು ನೋಡಿದರೆ 08. ಮೊದಲು ಪೋಕ್, ಕಡೆಗೆ ಪೀಕ್, ನಡುವೆ ಮರೆಮಾಚಿದ್ದು ಏನೂ ಇಲ್ಲ.

ಬೆಳಗಾವಿ ಜಿಲ್ಲೆಗೆ ಇದು ದೂರದ ವಿದ್ಯೆಯಲ್ಲ. ಸಂಕೇಶ್ವರದ ಮಗ್ಗುಲಿನ ನಿಡಸೋಶಿಯಲ್ಲಿ 1996ರಲ್ಲಿ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ನೆಲೆಯೂರಿತು. ಇಲ್ಲಿ ಓದಿದವರು ಕೆಲಸಕ್ಕೆ ಹೋಗುವ ಜಾಗಗಳಲ್ಲಿ ಸಕ್ಕರೆ ಕಾರ್ಖಾನೆಯೂ ಒಂದು. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿಂದ ಹಿಡಿದು ಗೋಕಾಕ, ಮೂಡಲಗಿ ಸೀಮೆಯವರೆಗೆ ಕಬ್ಬೇ ಬದುಕು. ಇಂದಿನ ಕಾರ್ಖಾನೆಗಳಲ್ಲಿ ಬಾಯ್ಲರ್ ನೀರಿನ ಮಟ್ಟ, ಗಾಣದ ವೇಗ ನೋಡಿಕೊಳ್ಳುವುದು ಕೈಗಾರಿಕೆಯ ನಿಯಂತ್ರಕ ಕಂಪ್ಯೂಟರಾದ ಪಿಎಲ್‌ಸಿ. ಅದರ ಜೊತೆ ಮಾತಾಡಲು 1979ರಲ್ಲಿ ಮೋಡಿಕಾನ್ ರೂಪಿಸಿದ ಮೋಡ್‌ಬಸ್‌ನಲ್ಲಿ 3ನೇ ಸಂಕೇತ ರಿಜಿಸ್ಟರ್ ಓದುತ್ತದೆ, 6ನೇ ಸಂಕೇತ ಒಂದು ರಿಜಿಸ್ಟರಿಗೆ ಬರೆಯುತ್ತದೆ. ಹೆಸರು ಬದಲಾಗಿದೆ, ಕೆಲಸ ಪೀಕ್-ಪೋಕ್‌ನದೇ. ಮೂಲ ಮೋಡ್‌ಬಸ್‌ಗೆ ಗುಪ್ತಪದವೇ ಇಲ್ಲ. ಜಾಲದೊಳಗೆ ಹೊಕ್ಕವನು ಯಾವ ರಿಜಿಸ್ಟರಿಗೂ ಬರೆಯಬಲ್ಲ. ಇದನ್ನು ಅರಿತ ಎಂಜಿನಿಯರ್ ಹಂಗಾಮಿನ ನಡುವೆ ಬೆಲೆ ಬಾಳುತ್ತಾನೆ. ಇನ್ನೊಂದು ತುದಿಯಲ್ಲಿ ವಿದ್ಯುತ್ ಮೀಟರಿದೆ. 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನೇ ನಡೆಸಿಕೊಂಡು ಬಂದ ಹುಕ್ಕೇರಿಗೆ ಮೀಟರಿನ ಮಹತ್ವ ಹೇಳಬೇಕಿಲ್ಲ. ಭಾರತೀಯ ಮಾನಕದ ಇಂದಿನ ಮೀಟರುಗಳಲ್ಲಿ ಓದಲು ಒಂದು ಹಂತದ ಗುಪ್ತಪದ, ಬದಲಿಸಲು ಅದಕ್ಕಿಂತ ಮೇಲಿನ ಹಂತದ್ದು. ಪಾಲಾಗುವಿಕೆ ಪೂರ್ಣಗೊಂಡದ್ದು ಇಲ್ಲಿ, ಮತ್ತು ಇಲ್ಲಿ ಅದು ಸರಿಯಾದದ್ದು. ಕರೆಂಟು ಬಳಸಿದವನೇ ಯೂನಿಟ್ಟು ಬರೆಯುವಂತಾಗಬಾರದಲ್ಲ!

ಸಿಮ್ಯುಲೇಟರ್ ಇರುವಾಗ ಕಿಟ್ ಯಾಕೆ ಎಂಬ ಪ್ರಶ್ನೆ ಕೊನೆಯದು. ಸಿಮ್ಯುಲೇಟರಿನಲ್ಲಿ ತಪ್ಪು ವಿಳಾಸಕ್ಕೆ ಬರೆದರೆ ಕೆಂಪಕ್ಷರದ ಸೂಚನೆ ಬರುತ್ತದೆ, ನಿಜ ಯಂತ್ರದಲ್ಲಿ ಏನೂ ಬರುವುದಿಲ್ಲ, ಸುಮ್ಮನೆ ಕೆಡುತ್ತದೆ. ಮೋಟಾರು, ಕವಾಟಗಳ ಜೊತೆ ಕೆಲಸ ಮಾಡುವವನು ಕಲಿಯಬೇಕಾದದ್ದು ಎರಡನೆಯದನ್ನು. ಖರ್ಚಿನ ನೆಪವೂ ಈಗ ಉಳಿದಿಲ್ಲ. ಬಿಬಿಸಿ ಮೈಕ್ರೋದಲ್ಲಿ ಹೊರಗಿನ ಒಂದು ದೀಪ ಹೊತ್ತಿಸಲು ಮೊದಲು 65122ರಲ್ಲಿ ದಿಕ್ಕು, ಆಮೇಲೆ 65120ರಲ್ಲಿ ಸಂಖ್ಯೆ ಬರೆಯಬೇಕಿತ್ತು. ಇಂದಿನ ಆರ್ಡ್ವಿನೊ ಯೂನೊದಲ್ಲಿ 36ನೇ ವಿಳಾಸಕ್ಕೆ 32, ಆಮೇಲೆ 37ನೇ ವಿಳಾಸಕ್ಕೆ 32 ಬರೆದರೆ ಹಲಗೆಯ ಮೇಲಿನ ದೀಪ ಹೊತ್ತುತ್ತದೆ. ಅದೇ ಎರಡು ಹೆಜ್ಜೆ. ಆದರೆ ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಹೇಳಿಕೊಡುವುದು ಸಿದ್ಧ ಲೈಬ್ರರಿಯ ‘ಡಿಜಿಟಲ್‌ರೈಟ್’ ಸಾಲನ್ನು ಮಾತ್ರ. ಹುಕ್ಕೇರಿ, ಗೋಕಾಕ ಕಡೆಯ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ: ಕೆಲಸ ಮಾಡುವ 8085 ಕಿಟ್‌ಗಳಿದ್ದರೆ ಗುಜರಿಗೆ ಹಾಕಬೇಡಿ. ಇಲ್ಲದಿದ್ದರೆ ಆರ್ಡ್ವಿನೊ ಪಾಠದ ಮೊದಲ ದಿನ ಲೈಬ್ರರಿಯನ್ನು ಬದಿಗಿಟ್ಟು ಆ ಎರಡು ವಿಳಾಸಗಳಿಂದಲೇ ಶುರುಮಾಡಿ.