ಓಡುವ ಗಾಡಿಯ ಮರುಮಾತು

ನಿಮ್ಮ ಮನೆಯ ಪಡಸಾಲೆಯಲ್ಲಿ ರೇಡಿಯೋ ಇದೆ. ವಾರ್ತೆಯ ಹೊತ್ತಿಗೆ ಅದರ ತಿರುಪನ್ನು ತಿರುಗಿಸುತ್ತೀರಿ. ಅದು ಮಾತನಾಡುತ್ತದೆ, ನೀವು ಕೇಳುತ್ತೀರಿ. ಭಾಷಣಕಾರನ ಮಾತು ನಿಮಗೆ ಒಪ್ಪಿಗೆಯಾಗದಿದ್ದರೆ ಎಷ್ಟೇ ಗಟ್ಟಿಯಾಗಿ ಆಕ್ಷೇಪಿಸಿದರೂ ಅದು ಅವನ ಕಿವಿಗೆ ಬೀಳುವುದಿಲ್ಲ. ಮನೆಯಲ್ಲಿ ಇದರಿಂದ ನಷ್ಟವೇನೂ ಇಲ್ಲ. ಆದರೆ ಇಂಥದೇ ಪೆಟ್ಟಿಗೆಯೊಂದನ್ನು ಕಳ್ಳನ ಬೆನ್ನಟ್ಟಿ ಹೋಗುವ ಪೋಲೀಸರ ಗಾಡಿಯಲ್ಲಿ ಇಟ್ಟರೆ ಹೇಗೆ? ಕೇಳಿದವನಿಗೆ ಉತ್ತರ ಕೊಡುವ ದಾರಿಯಿಲ್ಲದಿದ್ದರೆ ಆ ಪೆಟ್ಟಿಗೆ ಅರ್ಧ ಕೆಲಸವನ್ನು ಮಾತ್ರ ಮಾಡಿದಂತಾಯಿತು.

ಅಮೆರಿಕಾ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರದಲ್ಲಿ ನಡೆದದ್ದು ಹೀಗೆಯೇ. ಮೋಟಾರು ಕಾರುಗಳ ತೌರೂರಾದ ಆ ನಗರದಲ್ಲಿ ಪೋಲೀಸರಿಗೆ ಕಾರುಗಳಿದ್ದಂತೆ ಕಳ್ಳರಿಗೂ ಇದ್ದುವು. ಠಾಣೆಗೆ ದೂರು ಬಂದು, ಅದು ಗಸ್ತಿನವರನ್ನು ಮುಟ್ಟುವಷ್ಟರಲ್ಲಿ ಕಳ್ಳ ಊರಾಚೆ ಹೋಗಿರುತ್ತಿದ್ದ. ಪೋಲೀಸ್ ಕಮಿಷನರ್ ವಿಲಿಯಂ ರುಟ್ಲೆಜ್ ಅವರ ಆಶ್ರಯದಲ್ಲಿ ಏಳು ವರ್ಷ ಪ್ರಯೋಗಗಳು ನಡೆದುವು. ಮನೆಯ ಮೇಜಿನ ಮೇಲೆ ನೆಟ್ಟಗೆ ಹಾಡುವ ಸೆಟ್ಟು ಕಾರಿನಲ್ಲಿ ಕೂತೊಡನೆ ಹಟಮಾರಿಯಾಗುತ್ತಿತ್ತು. ರಸ್ತೆಯ ಕುಲುಕಾಟಕ್ಕೆ ಶ್ರುತಿ ತಪ್ಪುತ್ತಿತ್ತು. ಕೊನೆಗೆ 1928ರ ಏಪ್ರಿಲ್ 7ರಂದು ಡೆಟ್ರಾಯಿಟ್ ಪೋಲೀಸರು ತಮ್ಮ ಗಸ್ತಿನ ಕಾರುಗಳಿಗೆ ಕ್ರಮವಾಗಿ ರೇಡಿಯೋ ಸಂದೇಶ ಕಳುಹಿಸಲು ಆರಂಭಿಸಿದರು.

ಇದು ದೊಡ್ಡ ಸಾಧನೆಯೇ ಹೌದು. ಆದರೆ ಮಾತು ಒಂದೇ ಕಡೆಯಿಂದ. ಅಪ್ಪಣೆ ಕಾರಿಗೆ ಮುಟ್ಟಿತೋ ಇಲ್ಲವೋ ಕೇಂದ್ರದವರಿಗೆ ತಿಳಿಯದು. ಗಸ್ತಿನವನು ಏನಾದರೂ ಹೇಳಬೇಕಾದರೆ ಕಾರು ನಿಲ್ಲಿಸಿ ಟೆಲಿಫೋನ್ ಹುಡುಕಬೇಕು. ಪೆಟ್ಟು ತಿಂದು ಬಿದ್ದ ಪೇದೆಯ ಪಕ್ಕದಲ್ಲಿ ರೇಡಿಯೋ ಮಾತಾಡುತ್ತಲೇ ಇರಬಹುದು. ಅವನ ಕೂಗನ್ನು ಮಾತ್ರ ಅದು ಕೇಳಿಸಿಕೊಳ್ಳದು.

ಆ ಕೊರತೆ ನೀಗಿದ್ದು 1933ರಲ್ಲಿ, ನ್ಯೂ ಜೆರ್ಸಿ ಸಂಸ್ಥಾನದ ಬೇಯೋನ್ ಎಂಬ ಪುಟ್ಟ ನಗರದಲ್ಲಿ. ರೇಡಿಯೋ ಎಂಜಿನಿಯರ್ ಫ್ರಾಂಕ್ ಗುಂಥರ್ ಮತ್ತು ಅಲ್ಲಿನ ಕೇಂದ್ರವನ್ನು ನಡೆಸುತ್ತಿದ್ದ ವಿನ್ಸೆಂಟ್ ಡಾಯ್ಲ್ ಸೇರಿ ಗಸ್ತಿನ ಕಾರಿನೊಳಗೇ ಒಂದು ಪುಟ್ಟ ಪ್ರಸಾರ ಯಂತ್ರವನ್ನು ಕೂರಿಸಿದರು. ಕಾರು ಠಾಣೆಯೊಡನೆ ಮಾತಾಡಿತು. ಒಂದು ಕಾರು ಇನ್ನೊಂದು ಕಾರಿನೊಡನೆಯೂ ಮಾತಾಡಿತು. ಅದೇ 1933ರಲ್ಲಿ ನಮ್ಮ ದೇಶದಲ್ಲಿ ನಿಸ್ತಂತು ತಂತಿ ಕಾಯಿದೆ ಅಂಗೀಕಾರವಾಯಿತು. ಮನೆಯ ರೇಡಿಯೋಗೂ ಲೈಸೆನ್ಸ್ ಪಡೆದು ಅಂಚೆ ಕಚೇರಿಯಲ್ಲಿ ಹಣ ಕಟ್ಟುತ್ತಿದ್ದ ಕಾಲವನ್ನು ಹಿರಿಯ ವಾಚಕರು ಮರೆತಿರಲಾರರು. ಬೇಯೋನ್‌ನ ಈ ಘಟನೆ ನಡೆದ ಎರಡು ವರ್ಷಗಳ ಮೇಲೆ, 1935ರಲ್ಲಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು. ನಮ್ಮಲ್ಲಿ ಕೇಳುವ ರೇಡಿಯೋ ಕಣ್ಣು ಬಿಡುತ್ತಿದ್ದಾಗ ಅಲ್ಲಿ ಮರುಮಾತಾಡುವ ರೇಡಿಯೋ ಬೀದಿಗೆ ಇಳಿದಿತ್ತು.

ಈಗ ಒಂದು ಸಾಮಾನ್ಯ ಪ್ರಶ್ನೆ ಕೇಳಿಕೊಳ್ಳೋಣ. ಈ ಯಂತ್ರವನ್ನು ಗಾಡಿಯಲ್ಲಿ ಎಲ್ಲಿಡಬೇಕು? ಗಾಡಿಯ ರೇಡಿಯೋದ ಮುಕ್ಕಾಲು ಪಾಲು ಚರಿತ್ರೆ ಈ ಪ್ರಶ್ನೆಯ ಉತ್ತರವೇ ಆಗಿದೆ.

ಅಂದಿನ ಸೆಟ್ಟುಗಳು ಗಾಜಿನ ವಾಲ್ವುಗಳಿಂದ ನಡೆಯುವಂಥವು. ವಾಲ್ವುಗಳಿಗೆ ನೂರಾರು ವೋಲ್ಟುಗಳ ವಿದ್ಯುತ್ತು ಬೇಕು. ಆ ಕಾಲದ ಕಾರಿನ ಬ್ಯಾಟರಿ ಕೊಡುತ್ತಿದ್ದುದು ಬಹುಮಟ್ಟಿಗೆ 6 ವೋಲ್ಟು. ಈ ಅಂತರವನ್ನು ತುಂಬಲು ಒಂದೇ ಅಚ್ಚಿನ ಮೇಲೆ ಮೋಟಾರನ್ನೂ ಡೈನಮೋವನ್ನೂ ಜೋಡಿಸಿದ ಭಾರವಾದ ಯಂತ್ರ ಬೇಕಾಗುತ್ತಿತ್ತು. ಮೈಕಿನ ಗುಂಡಿ ಒತ್ತಿದೊಡನೆ ಅದು ಗುಂಯ್ ಎಂದು ತಿರುಗಲು ತೊಡಗಿ, ಹೆಡ್‌ಲೈಟುಗಳು ಒಂದು ಕ್ಷಣ ಮಂಕಾಗುತ್ತಿದ್ದುವು. ಇಷ್ಟೆಲ್ಲ ಸಾಮಗ್ರಿ ಚಾಲಕನ ಮುಂದೆ ಹಿಡಿಸಲಾರದು. ಆದ್ದರಿಂದ ದೊಡ್ಡ ಪೆಟ್ಟಿಗೆಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟು, ದಪ್ಪ ತಂತಿಯ ಕಟ್ಟೊಂದನ್ನು ನೆಲದಡಿಯಲ್ಲಿ ಎಳೆದು ತಂದು, ತಿರುಪುಗಳನ್ನೂ ಮೈಕನ್ನೂ ಮಾತ್ರ ಮುಂದುಗಡೆ ಕೂರಿಸುವ ಪದ್ಧತಿ ಬೆಳೆಯಿತು. 1946ರ ಜೂನ್ 17ರಂದು ಸೇಂಟ್ ಲೂಯಿ ನಗರದಲ್ಲಿ ಬೆಲ್ ಕಂಪೆನಿಯವರು ಕಾರಿನ ಟೆಲಿಫೋನ್ ಸೇವೆಯನ್ನು ಆರಂಭಿಸಿದಾಗಲೂ ಗಾಡಿಯ ಉಪಕರಣದ ತೂಕ ಸುಮಾರು 36 ಕಿಲೋಗ್ರಾಂ ಇತ್ತು.

ಎರಡನೆಯ ಕಷ್ಟ ಎಂಜಿನ್ನಿನದೇ. ಅದರ ಒಂದೊಂದು ಕಿಡಿಯೂ ರೇಡಿಯೋದಲ್ಲಿ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟಗುಟ್ಟುತ್ತಿತ್ತು. ಮಳೆಗಾಲದ ಸಂಜೆ ಮಿಂಚಿದಾಗ ನಿಮ್ಮ ಸೆಟ್ಟು ಗರಗರ ಎನ್ನುವುದೂ ಇದೇ ಕಾರಣದಿಂದ. ಇದಕ್ಕೆ ಮದ್ದು ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಎಫ್.ಎಂ. ವಿಧಾನ. ಕಿಡಿಯ ಸದ್ದು ಅಲೆಯ ಎತ್ತರವನ್ನು ಕೆಡಿಸುತ್ತದೆ, ಎಫ್.ಎಂ.ನಲ್ಲಿ ಮಾತು ಅಡಗಿರುವುದು ಅಲೆಯ ಕಂಪನದ ವೇಗದಲ್ಲಿ. ಡೇನಿಯಲ್ ನೋಬಲ್ ಎಂಬ ಪ್ರಾಧ್ಯಾಪಕರು ರೂಪಿಸಿದ ಇಂಥ ದ್ವಿಮುಖ ವ್ಯವಸ್ಥೆ 1940ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಪೋಲೀಸರಿಗೆ ದೊರೆಯಿತು. ಮಾತು ತಿಳಿಯಾಯಿತು.

ಕಾರಿಗೆ ಡಿಕ್ಕಿಯಿತ್ತು, ಸರಿ. ಪಿಕ್‌ಅಪ್ ಗಾಡಿಯ ಪಾಡೇನು? ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ತೊಟ್ಟಿಯಲ್ಲಿಟ್ಟರೆ ಮಳೆ, ಧೂಳು, ಮೇಲೆ ಬೀಳುವ ಹೊರೆ. ಕ್ಯಾಬಿನ್ನಿನಲ್ಲಿಟ್ಟರೆ ಕಾಲಿಡಲು ಜಾಗವಿಲ್ಲ. ಆದರೂ ರೇಡಿಯೋ ಹೆಚ್ಚು ಬೇಕಾದವರು ಇಂಥ ಗಾಡಿಗಳವರೇ: ವಿದ್ಯುತ್ ಕಂಬ ಹತ್ತುವವರು, ಕಾಡುಗಿಚ್ಚು ಆರಿಸುವವರು, ಊರಿಂದ ದೂರ ಹೊಲಗಳಲ್ಲಿ ದುಡಿಯುವವರು. ಸೀಟಿನ ಬೆನ್ನ ಹಿಂದಿನ ಕಿರಿದಾದ ಸಂದಿಯೇ ಅವರಿಗೆ ಡಿಕ್ಕಿಯಾಯಿತು. ಅವರ ಇಕ್ಕಟ್ಟನ್ನು ಬಿಡಿಸಿದ್ದು 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್. ಅದು ನೂರಾರು ವೋಲ್ಟು ಕೇಳದು, ಕಾಯುವುದು ಕಡಿಮೆ, ಕುಲುಕಾಟಕ್ಕೆ ಅಂಜದು. ಮುಂದಿನ ದಶಕಗಳಲ್ಲಿ ಹಿಂದಿನ ಪೆಟ್ಟಿಗೆಯೆಲ್ಲ ಕುಗ್ಗಿ ಒಂದು ದಪ್ಪ ಪುಸ್ತಕದಷ್ಟಾಗಿ ಡ್ಯಾಷ್‌ಬೋರ್ಡಿನ ಕೆಳಕ್ಕೆ ಬಂದು ಕುಳಿತಿತು.

1958ರಲ್ಲಿ ಅಮೆರಿಕಾದ ಸರ್ಕಾರ ಸಾಮಾನ್ಯ ಪ್ರಜೆಗಳ ದ್ವಿಮುಖ ರೇಡಿಯೋಗೆಂದು 27 ಮೆಗಾಹರ್ಟ್ಸ್ ಸುಮಾರಿನ 23 ಚಾನೆಲ್‌ಗಳನ್ನು ಬಿಟ್ಟುಕೊಟ್ಟಿತು. 1973ರ ತೈಲದ ಅಭಾವದಲ್ಲಿ, ಯಾವ ಬಂಕಿನಲ್ಲಿ ಡೀಸೆಲ್ ಇದೆ, ಎಲ್ಲಿ ಪೋಲೀಸರು ಕಾದಿದ್ದಾರೆ ಎಂಬುದನ್ನು ಲಾರಿ ಚಾಲಕರು ಒಬ್ಬರಿಗೊಬ್ಬರು ಇದರಲ್ಲಿ ತಿಳಿಸುತ್ತಿದ್ದರು. ನೋಡುನೋಡುತ್ತಿದ್ದಂತೆ ಮನೆಮಂದಿಯ ಕಾರುಗಳಿಗೂ ಈ ಹುಚ್ಚು ಹಿಡಿಯಿತು. ಗದ್ದಲ ತಾಳಲಾರದೆ 1977ರಲ್ಲಿ ಚಾನೆಲ್‌ಗಳನ್ನು 40ಕ್ಕೆ ಏರಿಸಬೇಕಾಯಿತು.

ಪೆಟ್ಟಿಗೆ ಚಿಕ್ಕದಾಯಿತೆಂದು ಕೆಲಸ ಸುಲಭವಾಯಿತೆಂದು ತಿಳಿಯಬೇಡಿ. ಒಳ್ಳೆಯ ಮೆಕ್ಯಾನಿಕ್ ಒಬ್ಬ ಪಿಕ್‌ಅಪ್ ಗಾಡಿಗೆ ಸೆಟ್ಟು ಕೂರಿಸುವುದನ್ನು ನಿಂತು ನೋಡಿದರೆ ಈ ಚರಿತ್ರೆಯ ಪಾಠಗಳೆಲ್ಲ ಅವನ ಕೈಯಲ್ಲಿ ಕಾಣುತ್ತವೆ. ವಿದ್ಯುತ್ತನ್ನು ಅವನು ಸಿಗರೇಟು ಹಚ್ಚುವ ತೂತಿನಿಂದ ಕದಿಯುವುದಿಲ್ಲ. ನೇರವಾಗಿ ಬ್ಯಾಟರಿಯಿಂದ ತರುತ್ತಾನೆ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕುತ್ತಾನೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಣ ತಗಡನ್ನು ತಂತಿ ದಾಟುವೆಡೆ ರಬ್ಬರಿನ ಬಳೆ ತೊಡಿಸುತ್ತಾನೆ. ಇಲ್ಲದಿದ್ದರೆ ತಗಡಿನ ಅಂಚು ದಿನದಿನವೂ ತಂತಿಯ ಹೊದಿಕೆಯನ್ನು ಕೊರೆದು, ಒಂದು ದಿನ ಹೊಗೆ ಕಾಣಿಸಿಕೊಳ್ಳುತ್ತದೆ. ಏರಿಯಲ್ ಕಡ್ಡಿಯನ್ನು ಚಾವಣಿಯ ನಡುವೆ ನಿಲ್ಲಿಸುತ್ತಾನೆ, ಏಕೆಂದರೆ ಸುತ್ತಲಿನ ತಗಡೇ ಅದಕ್ಕೆ ನೆಲದಂತೆ ಒದಗುತ್ತದೆ. ಆ ಕಡ್ಡಿ ಅಲೆಯ ಉದ್ದದ ಕಾಲು ಭಾಗವಿರಬೇಕೆಂದು ಲೆಕ್ಕ: 27 ಮೆಗಾಹರ್ಟ್ಸ್‌ಗೆ ಸುಮಾರು 2.7 ಮೀಟರು, 150 ಮೆಗಾಹರ್ಟ್ಸ್‌ಗೆ ಅರ್ಧ ಮೀಟರು ಸಾಕು. ಏರ್‌ಬ್ಯಾಗ್ ಹಾರಿ ಬರುವ ಜಾಗದಲ್ಲಿ ಅವನು ಏನನ್ನೂ ಕೂರಿಸುವುದಿಲ್ಲ, ಯಾವ ತಂತಿಯನ್ನೂ ಅಡ್ಡ ಹಾಯಿಸುವುದಿಲ್ಲ.

ಕೊನೆಗೆ ಮೈಕು. ಅದನ್ನು ನೋಡದೆ ಕೈ ಚಾಚಿದರೆ ಸಿಗಬೇಕು, ನೋಡದೆ ಇಟ್ಟರೆ ಕೊಕ್ಕೆಗೆ ಸೇರಬೇಕು. ರಸ್ತೆಯಿಂದ ಒಂದು ಕ್ಷಣ ಕಣ್ಣು ತಪ್ಪಿದರೂ ಮರುಮಾತಿನ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು. ಹೀಗಾಗಿ ಇಲ್ಲಿ ಅಚ್ಚುಕಟ್ಟು ಎಂಬುದು ನೋಟಕ್ಕೆ ಮಾಡುವ ಅಲಂಕಾರವಲ್ಲ. ‘ಹೊರಗೆ ಥಳಕು, ಒಳಗೆ ಹುಳುಕು’ ಎಂಬ ಕೆಲಸ ಕ್ಯಾಬಿನ್ನಿನಲ್ಲಿ ಬಹುಕಾಲ ಬಾಳದು.

ಇನ್ನೊಂದು ಸ್ವಾರಸ್ಯವಿದೆ. ಈಗಿನ ಕೆಲವು ಸೆಟ್ಟುಗಳ ಮುಖವನ್ನು ಒಡಲಿಂದ ಬಿಡಿಸಬಹುದು. ಮುಖ ಚಾಲಕನ ಎದುರಿಗೆ, ಒಡಲು ಸೀಟಿನ ಕೆಳಗೋ ಹಿಂದೋ. ಡಿಕ್ಕಿಯಲ್ಲಿ ಪೆಟ್ಟಿಗೆ, ಮುಂದೆ ಮೈಕು ಎಂಬ ಆ ಹಳೆಯ ಏರ್ಪಾಡು ಸುತ್ತಿಬಳಸಿ ಮತ್ತೆ ಬಂದಿದೆ.

ನಮ್ಮ ನಾಡಿಗೂ ಈ ವಿದ್ಯೆ ಹೊರಗಿನದಾಗಿ ಉಳಿಯಲಿಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಮೊದಮೊದಲು ಕೈಗೆತ್ತಿಕೊಂಡ ಕೆಲಸವೇ ಸೈನ್ಯಕ್ಕೆ ಬೇಕಾದ ಸಂಪರ್ಕ ಸಾಧನಗಳ ತಯಾರಿಕೆ. ಬೆಂಗಳೂರಿನ ಬೀದಿಗಳಲ್ಲಿ ‘ಹೊಯ್ಸಳ’ ಗಸ್ತಿನ ಗಾಡಿ ನಿಮ್ಮ ಪಕ್ಕದಲ್ಲಿ ನಿಂತಾಗ ಒಳಗಿಂದ ವೈರ್‌ಲೆಸ್ಸಿನ ಮಾತು ಕೇಳಿರಬಹುದು.

ಮುಂದೆ ಅಂಥ ಗಾಡಿಯನ್ನು ಕಂಡಾಗ ಒಂದು ಗಳಿಗೆ ಕಿವಿಗೊಡಿ. ಕೇಂದ್ರದಿಂದ ಒಂದು ಕೂಗು ಬರುತ್ತದೆ. ಒಳಗಿನವನು ಕಣ್ಣನ್ನು ರಸ್ತೆಯಲ್ಲೇ ಇಟ್ಟು, ಕೈಯನ್ನು ಮೈಕಿನ ಕಡೆಗೆ ಚಾಚಿ, ಎರಡು ಮಾತು ಹೇಳಿ ಇಟ್ಟುಬಿಡುತ್ತಾನೆ. 1928ರ ಡೆಟ್ರಾಯಿಟ್ ಪೇದೆಗೆ ದಕ್ಕದೆ ಹೋದದ್ದು ಆ ಎರಡು ಮಾತುಗಳೇ.