ಸಬ್‌ವೂಫರ್ ಪೆಟ್ಟಿಗೆ: ಮನೆಯಲ್ಲಿ ಪ್ಲೈವುಡ್‌ನಿಂದ ತಯಾರಿಕೆ

ಸುಮಾರು 20ರಿಂದ 120 ಹರ್ಟ್ಸ್‌ವರೆಗಿನ ಮಂದ್ರ ಧ್ವನಿಯನ್ನಷ್ಟೇ ಹೊರಡಿಸುವ ಸ್ಪೀಕರಿಗೆ ಕಟ್ಟುವ ಮರದ ಗೂಡು. ಆಡುಮಾತಿನಲ್ಲಿ ಬೇಸ್ ಬಾಕ್ಸ್. ಶಿವಮೊಗ್ಗ, ಭದ್ರಾವತಿಯಂಥ ಮಲೆನಾಡ ಸೆರಗಿನ ಊರುಗಳಲ್ಲಿ ಹಲಗೆಯ ಆಯ್ಕೆಗೆ ಬಯಲುಸೀಮೆಗಿಂತ ಹೆಚ್ಚಿನ ಎಚ್ಚರ ಬೇಕು.

ಹಿನ್ನೆಲೆ

ಭದ್ರಾವತಿ ಆಕಾಶವಾಣಿ 1965ರಲ್ಲಿ ಆರಂಭವಾಯಿತು. ಆ ಕಾಲದ ವಾಲ್ವ್ ರೇಡಿಯೊಗಳ ಮರದ ಪೆಟ್ಟಿಗೆಗೆ ಸಾಮಾನ್ಯವಾಗಿ ಹಿಂಬದಿಯಲ್ಲಿ ತೂತುಗಳ ರಟ್ಟು ಮಾತ್ರ ಇರುತ್ತಿತ್ತು. ಸ್ಪೀಕರಿನ ಕೋನ್ ಮುಂದಕ್ಕೆ ಒತ್ತಿದ ಗಾಳಿ, ಹಿಂದೆ ಉಂಟಾದ ಕಡಿಮೆ ಒತ್ತಡದ ಕಡೆಗೆ ಸುತ್ತಿಬಂದು ಮಂದ್ರವನ್ನು ನುಂಗಿಹಾಕುತ್ತಿತ್ತು. 40 ಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಮೀಟರ್, ಮೊಳದುದ್ದದ ಪೆಟ್ಟಿಗೆಯ ಅಂಚು ಅದನ್ನು ತಡೆಯಲಾರದು. ಹಿಂಬದಿಯನ್ನು ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನೇ ಕೋನಿಗೆ ಸ್ಪ್ರಿಂಗ್ ಮಾಡಿದ್ದು 1954ರ ಸುಮಾರಿಗೆ ಅಮೆರಿಕದ ಎಡ್ಗರ್ ವಿಲ್ಚರ್. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಪೆಟ್ಟಿಗೆಯ ಅಳತೆಯನ್ನು ಊಹೆಯಿಂದ ಲೆಕ್ಕಕ್ಕೆ ತಂದರು.

ಲೆಕ್ಕ

ಸ್ಪೀಕರಿನ ಮೂರು ಅಂಕಿ ಬೇಕು: ಸಹಜ ಕಂಪನಾಂಕ (ಎಫ್‌ಎಸ್), ಕಂಪನ ಎಷ್ಟು ತಡವಾಗಿ ತಣಿಯುತ್ತದೆಂದು ಹೇಳುವ ಒಟ್ಟು ಕ್ಯೂ (ಕ್ಯೂಟಿಎಸ್), ಕೋನಿನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ (ವಿಎಎಸ್). ಅಂಗಡಿಯಲ್ಲಿ ಜನ ಕೇಳುವುದು ವ್ಯಾಟ್. ಪೆಟ್ಟಿಗೆಯ ಅಳತೆಯ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಎಫ್‌ಎಸ್ 36 ಹರ್ಟ್ಸ್, ಕ್ಯೂಟಿಎಸ್ 0.4, ವಿಎಎಸ್ 50 ಲೀಟರ್ ಇರುವ 10 ಇಂಚಿನ ವೂಫರ್ ಎಂದಿಟ್ಟುಕೊಳ್ಳೋಣ. ಮುಚ್ಚಿದ ಪೆಟ್ಟಿಗೆಗೆ ಸುಮಾರು 24 ಲೀಟರ್ ಸಾಕು, ಆದರೆ ಕಂಪನಾಂಕ 64 ಹರ್ಟ್ಸ್‌ಗೆ ಏರುತ್ತದೆ. ಕೊಳವೆ ಇಟ್ಟ ಪೆಟ್ಟಿಗೆಯಾದರೆ 55 ಲೀಟರ್ ಗಾಳಿ, 35 ಹರ್ಟ್ಸ್ ಶ್ರುತಿ. ಒಳವ್ಯಾಸ 10 ಸೆಂ.ಮೀ. ಇರುವ ಪಿವಿಸಿ ಪೈಪಿಗೆ ಬೇಕಾದ ಉದ್ದ 35 ಸೆಂ.ಮೀ.; ಎರಡು ಬಾಯಿಗಳಲ್ಲೂ ಪೈಪಿನಾಚೆಗಿನ ಒಂದಿಷ್ಟು ಗಾಳಿ ಸೇರಿಕೊಂಡೇ ಚಲಿಸುವುದರಿಂದ ಸುಮಾರು 7 ಕಳೆಯಬೇಕು, ಉಳಿದದ್ದು 28. ಮೊದಲು 32ಕ್ಕೆ ಕತ್ತರಿಸಿ, ಕೇಳುತ್ತ ಕೇಳುತ್ತ ಮೊಟಕು ಮಾಡುವುದು ಜಾಣತನ.

ಸ್ಪೀಕರ್, ಕೊಳವೆ, ಅಡ್ಡಪಟ್ಟಿಗಳು ತಿನ್ನುವ 5 ಲೀಟರ್ ಸೇರಿಸಿ ಒಳಗಾತ್ರ 60 ಲೀಟರ್, ಅಂದರೆ 40 × 40 × 37.5 ಸೆಂ.ಮೀ. ಎಂಟಡಿ–ನಾಲ್ಕಡಿಯ ಒಂದೇ 18 ಮಿ.ಮೀ. ಹಾಳೆಯಲ್ಲಿ ಇಂಥ ಎರಡು ಪೆಟ್ಟಿಗೆ ಬರುತ್ತವೆ. ಜೋಡಿಸುವ ಕ್ರಮ ತಪ್ಪಿದರೆ ಬರುವುದಿಲ್ಲ. 122 ಸೆಂ.ಮೀ. ಅಗಲಕ್ಕೆ 43.6ರ ಮುಂಬದಿ ಅಥವಾ ಹಿಂಬದಿ ಹಲಗೆ ಒಂದು, 37.5ರವು ಎರಡು: ಒಟ್ಟು 118.6, ಗರಗಸದ ಸೀಳಿಗೂ ಜಾಗ ಉಂಟು. ಹೀಗೆ ನಾಲ್ಕು ಸಾಲಿಗೆ ಹನ್ನೆರಡೂ ತುಂಡುಗಳು ಮುಗಿಯುತ್ತವೆ. ಉಳಿದ ಸುಮಾರು 68 ಸೆಂ.ಮೀ. ಪಟ್ಟಿಯಲ್ಲಿ ಮುಂಬದಿಗೆ ಎರಡನೇ ಪದರವೂ ಅಡ್ಡಪಟ್ಟಿಗಳೂ ಸಿಗುತ್ತವೆ. ಎರಡನೇ ಪದರವನ್ನು ಹೊರಗಿನಿಂದ ಅಂಟಿಸಿದರೆ ಒಳಗಾತ್ರ ಕೆಡದು.

ಹಲಗೆ ಮತ್ತು ಜೋಡಣೆ

ಅಂಗಡಿಯಲ್ಲಿ ‘ಕಮರ್ಷಿಯಲ್’ ಎನ್ನುವುದು ಸಾಮಾನ್ಯವಾಗಿ ಐಎಸ್ 303ರ ಎಂಆರ್ (ತೇವ ತಾಳುವ) ದರ್ಜೆ, ‘ಮರೀನ್’ ಎನ್ನುವುದು ಐಎಸ್ 710. ಮೊದಲನೆಯದರ ಯೂರಿಯಾ ಅಂಟು ಜಿಟಿಜಿಟಿ ಮಳೆಯ ಆಷಾಢ, ಶ್ರಾವಣಗಳಲ್ಲಿ ಸಡಿಲುವುದು ಸಾಧ್ಯ. ಹಾಗಾಗಿ ಕನಿಷ್ಠ ಬಿಡಬ್ಲ್ಯೂಆರ್ (ಕುದಿನೀರು ತಾಳುವ) ದರ್ಜೆಯನ್ನಾದರೂ ಆರಿಸಬೇಕು. ಹಾಳೆಯ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ ಟೊಳ್ಳು ಸದ್ದು ಬಂದಲ್ಲಿ ಒಳಪದರದಲ್ಲಿ ಬಿರುಕಿದೆ ಎಂದರ್ಥ. ಅಂಥ ಕಡೆ ಬೇಸ್ ಬಂದಾಗ ಗಿರಗಿರ ಸದ್ದಾಗುತ್ತದೆ. ಕತ್ತರಿಸಿದ ಅಂಚುಗಳೇ ನೀರು ಕುಡಿಯುವ ಬಾಯಿ, ಅವಕ್ಕೆ ಪ್ರೈಮರ್ ಕಡ್ಡಾಯ. ಮೂಲೆಗಳನ್ನು ಅಂಟು, ಸ್ಕ್ರೂ ಎರಡರಿಂದಲೂ ಬಿಗಿಯಬೇಕು. ಮೊಳೆ ಸಾಲದು.

ಸೋರಿಕೆಯ ಪರೀಕ್ಷೆಗೆ ಊದುಬತ್ತಿ ಸಾಕು. 30 ಹರ್ಟ್ಸ್ ಸ್ವರ ಹಾಕಿ ಕೀಲುಗಳ ಉದ್ದಕ್ಕೂ ಹಿಡಿದರೆ, ಹೊಗೆ ನಡುಗಿದಲ್ಲಿ ಗಾಳಿ ಸೋರುತ್ತಿರುತ್ತದೆ. ಎಷ್ಟೇ ದಪ್ಪ ಹಲಗೆಯಾದರೂ ಸೋರಿದರೆ ಲೆಕ್ಕವೆಲ್ಲ ವ್ಯರ್ಥ.

ಶಬ್ದನಿಯಮ

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಇದು ‘ಎ’ ತೂಕದ ಅಳತೆ; 50 ಹರ್ಟ್ಸ್ ಧ್ವನಿಯನ್ನು ಸುಮಾರು 30 ಡೆಸಿಬಲ್ ಕಡಿಮೆ ಮಾಡಿ ತೋರಿಸುತ್ತದೆ. ಗೋಡೆಗೆ ಗೋಡೆ ತಾಗಿದ ವಠಾರದಲ್ಲಿ ಪಕ್ಕದ ಮನೆಯ ಸ್ಟೀಲ್ ಪಾತ್ರೆ ಕಿಣಿಗುಡುವಾಗಲೂ ಮಾಪಕದ ಅಂಕಿ ಮಿತಿಯೊಳಗೇ ಇರಬಹುದು.