ಕಲ್ನಾರಿನ ಸೂರು

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಏನು ಹೇಳುತ್ತಾರೆ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಶೀಟು" ಎನ್ನುತ್ತಾರೆ. ತಪ್ಪೇನಲ್ಲ, ಅಂಗಡಿಯಲ್ಲೂ ಹಾಗೇ ಕೇಳುವುದು. ಆದರೆ ಅದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರೊಂದಿದೆ, ಕಲ್ನಾರು. ನೆಲದಿಂದ ಅಗೆದು ತೆಗೆಯುವ ಕಲ್ಲು, ಬಿಡಿಸಿದರೆ ಹತ್ತಿಯಂಥ ನಾರು. ಬೆಂಕಿಗೆ ಸುಡುವುದಿಲ್ಲ. ತಮಿಳಿನಲ್ಲೂ ಕಲ್ನಾರ್ ಎಂದೇ ಅನ್ನುತ್ತಾರೆ.

ನೀಲಗಿರಿಯ ಕಡೆ, ಕೂಕಲ್ತೊರೈಯಂಥ ಊರುಗಳಿರುವ ಆ ಮಳೆ, ಚಳಿಯ ಗುಡ್ಡಗಳಲ್ಲಿ, ಸೂರು ಎಂದರೆ ಸಣ್ಣ ಮಾತಲ್ಲ. ಬಡಗರ ಹಟ್ಟಿಗಳಲ್ಲಿ ಮನೆಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಿಂದೆ ಅವಕ್ಕೆಲ್ಲ ಹುಲ್ಲಿನ ಹೊದಿಕೆ. ಹುಲ್ಲು ಕೊಳೆಯುತ್ತದೆ, ಮತ್ತೆ ಮತ್ತೆ ಹೊದಿಸಬೇಕು, ಒಂದು ಮನೆಗೆ ಕಿಡಿ ಬಿದ್ದರೆ ಸಾಲಿಗೇ ಅಪಾಯ. ಆಮೇಲೆ ಬಂದದ್ದು ಹಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದವರು ಬಾಸೆಲ್ ಮಿಷನ್‌ನವರು. ಇದೇ ಮಿಷನ್‌ನವರು 1846ರಿಂದಲೇ ನೀಲಗಿರಿಯ ಕೇತ್ತಿಯಲ್ಲಿದ್ದು ಬಡಗ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿದ್ದರು. (ಈ ಕಥೆಯನ್ನು ಇನ್ನೊಮ್ಮೆ ಬರೆಯಬೇಕು, ಇಲ್ಲಿ ಬೇಡ.) ಹಂಚಿಗೆ ಮರದ ಪಕಾಸಿ, ರೀಪು ಬೇಕು. ಕೋತಿಗಳು ಬೇರೆ ಎತ್ತಿ ಹಾಕುತ್ತವೆ. ತಗಡು ಹಾಕಿದರೆ ತುಕ್ಕು. ಇನ್ನು ತಗಡಿನ ಕೆಳಗೆ ಮಳೆಗಾಲದಲ್ಲಿ ಪಾಠ ಮಾಡಿದವರಿಗೆ ಅದರ ಸದ್ದು ಗೊತ್ತೇ ಇದೆ!

ಇಂಥ ಕಡೆ ಸಿಮೆಂಟ್ ಶೀಟು ಬಂದರೆ ಜನ ಯಾಕೆ ಬೇಡ ಅನ್ನುತ್ತಾರೆ? ಅಗ್ಗ, ತುಕ್ಕಿಲ್ಲ, ಗೆದ್ದಲಿಲ್ಲ, ನಾಲ್ಕು ಅಡ್ಡತೊಲೆ ಇದ್ದರೆ ಒಂದೇ ದಿನದಲ್ಲಿ ಮನೆಗೆ ಸೂರು. ಹುಲ್ಲಿನ ಗುಡಿಸಲಿನಿಂದ ಶೀಟಿನ ಮನೆಗೆ ಬಂದವರಿಗೆ ಅದು ಬಡ್ತಿ. ಈ ಮಾತನ್ನು ಮರೆತು ಬರೀ ವಿಷ ವಿಷ ಎಂದರೆ ಬಡವರ ಮನೆಯ ಚರಿತ್ರೆ ಅರ್ಥವಾಗುವುದಿಲ್ಲ.

ಶೀಟನ್ನು ಕಂಡುಹಿಡಿದವನು ಆಸ್ಟ್ರಿಯಾದ ಲುಡ್‌ವಿಗ್ ಹಾಟ್ಶೆಕ್. ಕಾಗದ ಮಾಡುವ ಯಂತ್ರದ ರೀತಿಯಲ್ಲೇ ನೀರಿನಲ್ಲಿ ಸಿಮೆಂಟನ್ನೂ ಕಲ್ನಾರನ್ನೂ ಕಲಸಿ, ತೆಳುವಾದ ಪದರ ಪದರವಾಗಿ ಹಾಳೆ ತೆಗೆದ. 1901ರಲ್ಲಿ ಪೇಟೆಂಟ್ ಸಿಕ್ಕಿತು. 'ಎಟರ್ನಿಟ್' ಎಂದು ಹೆಸರಿಟ್ಟ, ಶಾಶ್ವತ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಶೀಟಿನಲ್ಲಿ ಕಲ್ನಾರು ಇರುವುದು ನೂರಕ್ಕೆ ಹತ್ತರ ಆಸುಪಾಸು, ಉಳಿದದ್ದು ಹೆಚ್ಚಾಗಿ ಸಿಮೆಂಟು. ಭಾರತದಲ್ಲಿ 1934ರಲ್ಲಿ ಆಸ್ಬೆಸ್ಟಾಸ್ ಸಿಮೆಂಟ್ ಕಂಪನಿ ಶುರುವಾಯಿತು, ಮಧ್ಯಪ್ರದೇಶದ ಕೈಮೋರ್‌ನಲ್ಲಿ ಕಾರ್ಖಾನೆ. ಮುಂದೆ ಅದೇ ಎವರೆಸ್ಟ್ ಆಯಿತು. 1946ರಲ್ಲಿ ಹೈದರಾಬಾದಿನ ಕಂಪನಿ ಹುಟ್ಟಿತು, ಅದರ ಚಾರ್‌ಮಿನಾರ್ ಶೀಟು ಮನೆಮಾತು. ನೀಲಗಿರಿಯ ಕೆಳಗೆ, ಕೊಯಮತ್ತೂರಿನ ಪೋದನೂರಿನಲ್ಲೂ ಎವರೆಸ್ಟ್ ಕಾರ್ಖಾನೆ ಬಂತು.

ಈಗ ಈ 1934 ಎಂಬ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅದಕ್ಕೆ ಹತ್ತು ವರ್ಷ ಮೊದಲು, 1924ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೆಲ್ಲಿ ಕೆರ್ಶಾ ಎಂಬ ಹೆಂಗಸು ತನ್ನ 33ನೇ ವಯಸ್ಸಿಗೆ ತೀರಿಕೊಂಡಳು. ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದವಳು. ಅವಳ ಶ್ವಾಸಕೋಶದಲ್ಲಿ ಕಲ್ನಾರಿನ ಕಣಗಳಿದ್ದವೆಂದು ಡಾಕ್ಟರ್ ಕುಕ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕಂಪನಿ ಅಂತ್ಯಕ್ರಿಯೆಯ ಖರ್ಚನ್ನೂ ಕೊಡಲಿಲ್ಲ. 1930ರಲ್ಲಿ ಸರ್ಕಾರವೇ ಕಾರ್ಮಿಕರನ್ನು ಪರೀಕ್ಷಿಸಿ ವರದಿ ತಂತು, 1931ರಲ್ಲಿ ಅಲ್ಲಿ ಧೂಳಿನ ಬಗ್ಗೆ ಕಾನೂನಾಯಿತು. ಮೂರೇ ವರ್ಷ ಕಳೆದು ನಮ್ಮಲ್ಲಿ ಕಂಪನಿ ತೆರೆದದ್ದು ಯಾರು ಗೊತ್ತೇ? ಅದೇ ಟರ್ನರ್ ಬಳಗದವರು, ಟರ್ನರ್ ಅಂಡ್ ನ್ಯೂವಾಲ್. ಗೊತ್ತಿಲ್ಲದೆ ಆದದ್ದು ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ.

ನಮ್ಮಂಥ ಮೇಷ್ಟ್ರುಗಳು ಓದಬೇಕಾದ್ದು 1960ರ ಸಂಗತಿ. ದಕ್ಷಿಣ ಆಫ್ರಿಕಾದ ವೈದ್ಯ ವ್ಯಾಗ್ನರ್ ಮತ್ತು ಜೊತೆಗಾರರು, ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೀಲಿಯೋಮ ಎಂಬ ಕ್ಯಾನ್ಸರಿನ 33 ರೋಗಿಗಳ ಪೂರ್ವಾಪರ ಹುಡುಕಿದರು. ಅವರಲ್ಲಿ ಅನೇಕರು ಗಣಿಗೆ ಇಳಿದವರೇ ಅಲ್ಲ. ಚಿಕ್ಕಂದಿನಲ್ಲಿ ಗಣಿಯ ಅಕ್ಕಪಕ್ಕ ಬೆಳೆದವರು, ಅಷ್ಟೆ. ರೋಗ ಕಾಣಿಸಿದ್ದು ದಶಕಗಳ ಮೇಲೆ. ಅಲ್ಲಿಯದು ನೀಲಿ ಕಲ್ನಾರು, ನಮ್ಮ ಸೂರಿನದು ಬಿಳಿಯದು, ಬಿಳಿಯದರಿಂದ ತೊಂದರೆಯಿಲ್ಲ ಎಂದು ಉದ್ಯಮದವರು ವಾದಿಸುತ್ತಾರೆ. ಎಲ್ಲ ಬಗೆಯದೂ ಕ್ಯಾನ್ಸರ್ ತರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಖಚಿತ ಮಾತು.

ಬ್ರಿಟನ್ 1999ರಲ್ಲಿ ಬಿಳಿಯದನ್ನೂ ನಿಲ್ಲಿಸಿತು, ಯುರೋಪಿನ ಒಕ್ಕೂಟ 2005ರಲ್ಲಿ. ವರ್ಷಗಟ್ಟಲೆ ಅಗೆದು ನಮಗೆಲ್ಲ ಮಾರಿದ ಕೆನಡಾ ಕೂಡ 2018ರಲ್ಲಿ ನಿಷೇಧಿಸಿತು. ನಮ್ಮಲ್ಲಿ ನಡೆದದ್ದು ವಿಚಿತ್ರ. ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯೂ ಕಲ್ನಾರಿನ ನಿಕ್ಷೇಪವಿದೆ, ಆದರೆ 1986ರಿಂದ ಹೊಸ ಗಣಿಗೆ ಗುತ್ತಿಗೆ ಇಲ್ಲ. ಅಗೆಯುವುದು ಬೇಡ, ರಷ್ಯಾ ಮೊದಲಾದ ಕಡೆಯಿಂದ ತರಿಸಿ ಶೀಟು ಮಾಡಬಹುದು! 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರಿನ ಕಾರ್ಮಿಕರ ಆರೋಗ್ಯದ ದಾಖಲೆಯನ್ನು 40 ವರ್ಷ ಇಡಬೇಕೆಂದಿತು. ಒಳ್ಳೆಯ ತೀರ್ಪು. ಆದರೆ ಅದು ಕಾರ್ಖಾನೆಯವರಿಗೆ. ಸೂರು ಹತ್ತಿ ಶೀಟು ಕೊಯ್ಯುವ ಬಡಗಿಯ ದಾಖಲೆ ಯಾವ ಕಡತದಲ್ಲಿದೆ?

ಹಾಗೆಂದು ಇವತ್ತೇ ಗಾಬರಿಯಾಗಬೇಡಿ. ಗಟ್ಟಿಯಾಗಿ ಕೂತ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಹಿಡಿದುಕೊಂಡಿರುತ್ತದೆ. ಅದು ಹೊರಬರುವುದು ಕೊಯ್ದಾಗ, ತೂತು ಕೊರೆದಾಗ, ಒಡೆದಾಗ, ಹಳೆಯದಾಗಿ ಮೇಲ್ಮೈ ಸವೆದಾಗ, ಪಾಚಿ ತೆಗೆಯಲೆಂದು ಒಣಗಿದ ಶೀಟನ್ನು ಉಜ್ಜಿದಾಗ. ಕಣ್ಣಿಗೆ ಕಾಣದಷ್ಟು ಸಣ್ಣ ನಾರು, ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಶಾಲೆಯಲ್ಲೇ ಎರಡು ಕಡೆ ನೋಡಿ. ಒಂದು, ವಿಜ್ಞಾನದ ಬೀರುವಿನಲ್ಲಿ ಬೀಕರಿನ ಕೆಳಗಿಡುವ ತಂತಿ ಬಲೆ. ಹಳೆಯದಾದರೆ ನಡುವಿನ ಬಿಳಿ ವೃತ್ತ ಕಲ್ನಾರಿನದ್ದೇ ಇರಬಹುದು, ಪುಡಿಯಾಗುತ್ತಿದ್ದರೆ ಮಕ್ಕಳ ಕೈಗೆ ಕೊಡಬೇಡಿ. ಇನ್ನೊಂದು, ಹಿತ್ತಲಲ್ಲಿ ಬಿದ್ದ ಒಡಕು ಶೀಟು. ಅದರ ಚೂರನ್ನು ಕಲ್ಲಿಗೆ ತೇಯ್ದು ದುಂಡಗೆ ಮಾಡಿದರೆ ಕುಂಟೆಬಿಲ್ಲೆಗೆ ಚೆಂದದ ಬಿಲ್ಲೆಯಾಗುತ್ತದೆ. ಹಾಗೆ ತೇಯ್ದಾಗ ಏಳುವ ಧೂಳೇ ಆ ಧೂಳು.

2009ರಲ್ಲಿ ಕೇರಳದ ಮಾನವ ಹಕ್ಕುಗಳ ಆಯೋಗ, ಸರ್ಕಾರದ ಅಧೀನದ ಶಾಲೆಗಳ ಕಲ್ನಾರು ಸೂರನ್ನು ಹಂತಹಂತವಾಗಿ ತೆಗೆದು ಹಂಚು ಹಾಕಿಸಿ ಎಂದು ಶಿಫಾರಸು ಮಾಡಿತು. ಕಾಸರಗೋಡಿನ ಕನ್ನಡ ಶಾಲೆಗಳವರು ಪಿಟಿಎ ಸಭೆಯಲ್ಲಿ ಇದನ್ನು ಎತ್ತಬಹುದು. ತೆಗೆಯುವಾಗ ಮಾತ್ರ ರಜೆಯ ದಿನ ಇಟ್ಟುಕೊಳ್ಳಿ. ಮೊದಲು ನೀರು ಸುರಿದು ನೆನೆಸಿ, ಬೋಲ್ಟು ಬಿಚ್ಚಿ, ಶೀಟನ್ನು ಒಡೆಯದೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಕೆಲಸದವರಿಗೆ ಮುಖಕ್ಕೆ ಒಳ್ಳೆಯ ಮಾಸ್ಕ್ ಕೊಡಿ, ಟವೆಲ್ ಕಟ್ಟಿಕೊಂಡರೆ ಸಾಲದು. ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.